ಪುಲ್‌ಮನ್ ಊಟದ ಬೋಗಿಯ ಮರದ ಚಿತ್ತಾರ

ಪ್ರಶ್ನೆ: ಬ್ರಿಟನ್ನಿನ ಹಳೆಯ ಪುಲ್‌ಮನ್ (ಐಷಾರಾಮಿ ರೈಲು) ಊಟದ ಬೋಗಿಗಳಲ್ಲಿ ಅಡುಗೆಮನೆಗೆ ತಾಗಿದ ಗೋಡೆಯ ಮರದ ಚಿತ್ತಾರ ಮೇಲೆದ್ದು ಬರುವುದೇಕೆ? ದುರಸ್ತಿ ಹೇಗೆ?

ಉತ್ತರ: ಮೈಸೂರಿನ ಬೀಟೆಮರದ ಕುಸುರಿಯಲ್ಲಿ ಹಲಗೆಯನ್ನೇ ಕೊರೆದು ತುಣುಕು ಕೂರಿಸುತ್ತಾರೆ. ಇಲ್ಲಿ ಹಾಗಲ್ಲ. 1925ರ ‘ಐಬಿಸ್’ ಬೋಗಿಯ ಗ್ರೀಕ್ ನರ್ತಕಿಯರೂ ಬರೀ ವೆನೀರ್ (ತೆಳು ಮರದ ಹಾಳೆ) ತುಣುಕುಗಳ ಜೋಡಣೆ. ಇಂಥ ಕೆಲಸಕ್ಕೆ ಆಗ ಬಳಸುತ್ತಿದ್ದುದು ಪ್ರಾಣಿಗಳ ತೊಗಲಿನ ಅಂಟು. ಒಲೆಯ ಬಿಸಿ, ಹಬೆ ತಗುಲಿದರೆ ಅದು ಮೆತ್ತಗಾಗುತ್ತದೆ, ಮರ ಹಿಗ್ಗಿ ಕುಗ್ಗಿ ಪದರ ಬಿಡುತ್ತದೆ.

ಎದ್ದ ಪದರವನ್ನು ಎಳೆಯಬೇಡಿ, ಚೂರು ಕಳೆದರೆ ಅದೇ ಬಣ್ಣದ ಹಳೆಯ ವೆನೀರ್ ಸಿಗುವುದು ಬಲು ಕಷ್ಟ. ಒಳಗಿನ ದೂಳು ತೆಗೆದು, ಸುಮಾರು 60 ಡಿಗ್ರಿಗೆ ಕಾಯಿಸಿದ ತೊಗಲಂಟನ್ನೇ ಸಿರಿಂಜಿನಿಂದ ಪದರದ ಅಡಿಗೆ ತುಂಬಿ. ಅತಿಯಾಗಿ ಕಾಯಿಸಿದರೆ ಹಿಡಿತ ಹೋಗುತ್ತದೆ. ಹೊರಚೆಲ್ಲಿದ್ದನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬೆಚ್ಚಗಿನ ಸಮತಟ್ಟು ಹಲಗೆ ಇಟ್ಟು 24 ಗಂಟೆ ಕ್ಲ್ಯಾಂಪ್ ಬಿಗಿಯಿರಿ. ಇಪಾಕ್ಸಿ (ಗಟ್ಟಿಯಾಗಿ ಕೂರುವ ರಾಸಾಯನಿಕ ಅಂಟು) ಖಂಡಿತ ಬೇಡ: ಮುಂದಿನವರು ಅದನ್ನು ಬಿಡಿಸುವಾಗ ಚಿತ್ತಾರವೇ ಕಿತ್ತುಬರುತ್ತದೆ.

ಮರದ ಮೇಲಿನ ಅರಗಿನ ಪಾಲಿಶ್ ಬೆಳ್ಳಗಾಗಿದ್ದರೆ ಅದು ಅರಗಿನೊಳಗೆ ಸೇರಿದ ತೇವ. ಸ್ಪಿರಿಟ್ ಸ್ವಲ್ಪವೇ ತಾಗಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ಅಡುಗೆಮನೆಯ ಹಬೆ ಹೊರಹೋಗುವ ದಾರಿ ಮೊದಲು ಸರಿಯಾಗಬೇಕು, ಇಲ್ಲವಾದರೆ ಅದೇ ಜಾಗ ಮತ್ತೆ ಏಳುತ್ತದೆ.