ಒಬ್ಬರಿಗೆ ಅಡಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಬ್ಬರೇ ಇರುವವರವು. ನೌಕರಿ, ಓದು, ನಿವೃತ್ತಿ ಅಂತ ಕಾರಣ ಬೇರೆ ಬೇರೆ, ತಕರಾರು ಮಾತ್ರ ಒಂದೇ: ನಾಲ್ಕು ಮಂದಿಯ ಅಳತೆಯನ್ನು ಕಾಲು ಭಾಗ ಮಾಡಿದರೆ ಅಡಿಗೆ ಕೆಡುತ್ತದೆ. ಕೆಳಗಿನ ಉತ್ತರಗಳಲ್ಲಿ ಲೋಟ ಅಂದರೆ 200 ಮಿ.ಲೀ., ಚಮಚ ಅಂದರೆ ಚಹಾ ಚಮಚ.

ಪ್ರಶ್ನೆ: ಯಾದಗಿರಿನಾಗ ನರ್ಸ್ ಕೆಲಸ ಮಾಡ್ತೀನ್ರಿ, ಒಬ್ಬಾಕಿನೇ ಇರ್ತೀನಿ. ಒಂದು ಹಿಡಿ ತೊಗರಿ ಬ್ಯಾಳಿ ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡಸಿದ್ರೂ ಕಾಳು ಕಾಳೇ ಉಳೀತದ. ನಾಲ್ಕನೇ ಸೀಟಿಗೆ ತಳಾ ಹತ್ತತದ. ಊರಾಗ ನಮ್ಮವ್ವ ಮೂರೇ ಸೀಟಿಗೆ ಮೆತ್ತಗ ಮಾಡ್ತಾಳ. ಬ್ಯಾಳಿನೇ ಖರಾಬ ಏನ್ರಿ?

ಬ್ಯಾಳಿಯ ಮೇಲೆ ಅಷ್ಟು ಬೇಗ ಗುಮಾನಿ ಬೇಡ. ನಮ್ಮ ಕಲಬುರಗಿ ಭಾಗದ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹೊಸ ಬ್ಯಾಳಿಯಾದರೆ ಬೇಗನೇ ಕರಗುತ್ತದೆ. ತಪ್ಪು ಇರುವುದು ಸೀಟಿಯ ಲೆಕ್ಕದಲ್ಲಿ. ಅವ್ವನ ಕುಕ್ಕರಿನಲ್ಲಿ ಅರ್ಧ ಸೇರು ಬ್ಯಾಳಿ, ಒಂದೂವರೆ ಲೀಟರ್ ನೀರು. ಅದು ಕಾದು ಮೂರು ಸೀಟಿ ಹೊಡೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿರುತ್ತದೆ, ಒಲೆ ಆರಿಸಿದ ಮೇಲೂ ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ನಿಮ್ಮ ಕುಕ್ಕರಿನಲ್ಲಿ ಒಂದು ಹಿಡಿ ಬ್ಯಾಳಿ, ಒಂದು ಲೋಟ ನೀರು. ಐದಾರು ನಿಮಿಷದಲ್ಲಿ ಮೂರೂ ಸೀಟಿ ಮುಗಿದುಹೋಗುತ್ತವೆ, ಅಷ್ಟರಲ್ಲಿ ಬ್ಯಾಳಿ ಬೇಯುವುದಿಲ್ಲ. ಮುಂದೆ ಬಿಟ್ಟರೆ ಇದ್ದ ಸ್ವಲ್ಪ ನೀರೂ ಆವಿಯಾಗಿ ತಳ ಹತ್ತುತ್ತದೆ.

ಹೀಗೆ ಮಾಡಿ. 50 ಗ್ರಾಂ ಬ್ಯಾಳಿ ತೊಳೆದು ಅರ್ಧ ತಾಸು ನೆನೆಸಿ. ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಬ್ಯಾಳಿ, ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು, ಚಿಟಿಕೆ ಅರಿಷಿಣ, ನಾಲ್ಕು ಹನಿ ಎಣ್ಣೆ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು ಹಾಕಿ ಡಬ್ಬಿ ಅದರೊಳಗೆ ಇಡಿ. ಮೊದಲ ಸೀಟಿ ಆದ ಕೂಡಲೇ ಉರಿ ಪೂರಾ ಸಣ್ಣ ಮಾಡಿ, ಗಡಿಯಾರ ನೋಡಿ 10 ನಿಮಿಷ. ಆಮೇಲೆ ಸೀಟಿ ಎತ್ತಿ ಆವಿ ಬಿಡಬೇಡಿ, ತಾನಾಗಿ ಇಳಿಯಲಿ. ತಳ ಹತ್ತುವ ಮಾತೇ ಇಲ್ಲ.

ಇಷ್ಟು ಮಾಡಿಯೂ ಬೇಯದಿದ್ದರೆ ನೀರು ಕಾರಣ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸುಣ್ಣದಂಶ ಕಾಳಿನ ಒಳಗಿನ ಅಂಟನ್ನು ಗಟ್ಟಿ ಹಿಡಿದು ಬಿಡುತ್ತದೆ. ಬ್ಯಾಳಿ ನೆನೆಸಲು, ಬೇಯಿಸಲು ಮಾತ್ರ ಫಿಲ್ಟರ್ ನೀರು ಬಳಸಿ. ತೊಳೆಯಲು ಯಾವುದಾದರೂ ನಡೆಯುತ್ತದೆ. ಹುಣಸಿ, ಟೊಮೆಟೊ ಬೆಂದ ಮೇಲೇ ಹಾಕಬೇಕು, ಹುಳಿ ಬಿದ್ದ ಮೇಲೆ ಬ್ಯಾಳಿ ಮೆತ್ತಗಾಗುವುದು ಕಷ್ಟ. ಸೋಡಾ ಹಾಕುವ ರೂಢಿ ಕೆಲವರಲ್ಲಿದೆ. ಬೇಯುವುದೇನೋ ಹೌದು, ಆದರೆ ಬ್ಯಾಳಿಯ ಪರಿಮಳ ಹೋಗಿ ಸಾಬೂನಿನ ವಾಸನೆ ಬರುತ್ತದೆ. ನಾವು ಹೇಳುವುದಿಲ್ಲ.

ಒಗ್ಗರಣೆಯಲ್ಲೂ ಇದೇ ಪೇಚು. ಎಣ್ಣೆಯನ್ನು ಕಾಲು ಭಾಗ ಮಾಡಿದರೆ ಬಾಣಲೆಯಲ್ಲಿ ಸಾಸಿವೆ ಮುಳುಗುವುದೇ ಇಲ್ಲ, ಸಿಡಿಯುವ ಮುಂಚೆ ಸೀದುಹೋಗುತ್ತದೆ. ಒಬ್ಬರಿಗಾದರೂ ಎರಡು ಚಮಚ ಎಣ್ಣೆ ಬೇಕು, ಬಾಣಲೆಯ ಬದಲು ಒಗ್ಗರಣೆ ಸೌಟು ಬೇಕು.

ಪ್ರಶ್ನೆ: ನಾನು ಮಂಡ್ಯದವನು, ಶಹಾಪುರದಲ್ಲಿ ಶಾಲಾ ಶಿಕ್ಷಕ. ಜೋಳದ ರೊಟ್ಟಿ ಕಲಿಯಬೇಕೆಂದು ಹಟ ಹಿಡಿದಿದ್ದೇನೆ. ತಟ್ಟುವಾಗ ಅಂಚು ಸೀಳುತ್ತದೆ, ಹಂಚಿಗೆ ಹಾಕಲು ಎತ್ತಿದರೆ ಹರಿಯುತ್ತದೆ. ಹೇಗೋ ಬೆಂದದ್ದು ಚರ್ಮದ ಹಾಗೆ ಇರುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಮೂರು ತಪ್ಪು ಒಟ್ಟಿಗೆ ಆಗುತ್ತಿವೆ. ಒಂದೊಂದಾಗಿ ನೋಡೋಣ.

ಅಂಚು ಸೀಳುವುದು ಎಸರಿನ ದೋಷ. ಜೋಳದಲ್ಲಿ ಗೋಧಿಯಂತೆ ಎಳೆಯುವ ಅಂಟಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಒಂದು ಪಾಲು ಗಂಜಿಯಂತೆ ಬೆಂದು ಜಿಗಿ ಬರುತ್ತದೆ, ಹಿಟ್ಟನ್ನು ಹಿಡಿದಿಡುವುದು ಆ ಜಿಗಿಯೇ. ಬಿಸಿ ನೀರು ಸಾಲದು, ಕೊತಕೊತ ಕುದಿಯಬೇಕು. ಒಂದು ಲೋಟ ಹಿಟ್ಟು ಕೊಣಮಿಗೆಯಲ್ಲೋ (ಹಿಟ್ಟು ನಾದುವ ಪಾತ್ರೆ) ಅಗಲ ತಾಟಿನಲ್ಲೋ ಹಾಕಿ ನಡುವೆ ಗುಣಿ ಮಾಡಿ. ಮುಕ್ಕಾಲು ಲೋಟ ನೀರು ಕುದಿಸಿ, ಒಲೆಯಿಂದ ಇಳಿಸಿದ ಕ್ಷಣವೇ ಮುಕ್ಕಾಲು ಪಾಲು ಸುರಿದು ಚಮಚದ ಹಿಡಿಯಿಂದ ಕಲಸಿ ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟಾದ ಮೇಲೆ ಉಳಿದ ನೀರನ್ನು ಚಿಮುಕಿಸುತ್ತ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ, ಕನಿಷ್ಠ ಐದು ನಿಮಿಷ. ಉಂಡೆ ಮಾಡಿ ಹೆಬ್ಬೆರಳಿನಿಂದ ಅದುಮಿದಾಗ ಅಂಚಿನಲ್ಲಿ ಗೆರೆ ಬಿಡಬಾರದು. ಬಿಟ್ಟರೆ ಇನ್ನೂ ನಾದಬೇಕು ಅಂತ ಅರ್ಥ.

ಇದಕ್ಕೂ ಬಗ್ಗದಿದ್ದರೆ ಹಿಟ್ಟು ಹಳೆಯದು. ತಿಂಗಳುಗಟ್ಟಲೆ ಪ್ಯಾಕೆಟ್ಟಿನಲ್ಲಿ ಕೂತ ಹಿಟ್ಟಿಗೆ ಜಿಗಿ ಇರುವುದಿಲ್ಲ, ಮೇಲೆ ಕಹಿ. ಒಬ್ಬರಿಗೆ ಐದು ಕಿಲೋ ಬೀಸಿಸುವುದು ದಂಡ. ಹಿಂಗಾರಿ ಬಿಳಿಜೋಳ ಎರಡು ಕಿಲೋ ಒಯ್ದು, ಗಿರಣಿಯಲ್ಲಿ ಬೇರೆಯವರ ಜೋಳ ಬೀಸಿದ ಬೆನ್ನಿಗೇ ನಿಮ್ಮದನ್ನು ಹಾಕಿಸಿ. ಗೋಧಿಯ ಬೆನ್ನಿಗೆ ಹಾಕಿಸಿದರೆ ಮೊದಲ ಎರಡು ಹಿಡಿ ಗೋಧಿಹಿಟ್ಟೇ ಬರುತ್ತದೆ.

ಎತ್ತುವಾಗ ಹರಿಯುವುದು ಒಣಹಿಟ್ಟು ಕಡಿಮೆಯಾದದ್ದಕ್ಕೆ. ರೊಟ್ಟಿಯ ಕೆಳಗೆ ಧಾರಾಳವಾಗಿ ಉದುರಿಸಿ, ತಟ್ಟುವಾಗ ರೊಟ್ಟಿ ತಾನೇ ತಿರುಗುತ್ತಿರಬೇಕು. ತಿರುಗದೆ ನಿಂತರೆ ಅಲ್ಲೇ ಅಂಟಿದೆ. ಮೊದಮೊದಲು ಅಂಗೈ ಅಗಲಕ್ಕಿಂತ ತುಸು ದೊಡ್ಡದು ಸಾಕು. ಒಂದು ಲೋಟ ಹಿಟ್ಟಿಗೆ ಅಂಥವು ಮೂರು ಆಗುತ್ತವೆ.

ಚರ್ಮದಂತಾಗುವುದು ಹಂಚು ಕಾಯದ್ದಕ್ಕೆ. ನೀರು ಚಿಮುಕಿಸಿದರೆ ಹನಿ ಚುರ್ ಎಂದು ಓಡಬೇಕು. ಒಣಹಿಟ್ಟಿನ ಮೈ ಮೇಲೆ ಬರುವಂತೆ ಹಾಕಿ, ಹತ್ತು ಎಣಿಸುವುದರೊಳಗೆ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ತಡವಾದರೆ ಬಿಳಿ ಬಿರುಕು ಬೀಳುತ್ತದೆ. ನೀರಿನ ಹೊಳಪು ಆರುತ್ತಿದ್ದಂತೆ ಮಗುಚಿ, ಕೆಳಗೆ ಕಂದು ಚುಕ್ಕಿ ಬಂದ ಮೇಲೆ ಮತ್ತೆ ಮಗುಚಿ ಬಟ್ಟೆಯಿಂದ ಒತ್ತಿ, ಇಲ್ಲವೇ ನೇರ ಉರಿಗೆ ಹಿಡಿಯಿರಿ. ಉಬ್ಬದಿದ್ದರೆ ಎಲ್ಲೋ ತೂತು ಬಿದ್ದಿದೆ ಅಥವಾ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದೆ. ರುಚಿಗೆ ಅದರಿಂದ ತೊಂದರೆಯಿಲ್ಲ.

ನಾದಿದ ಹಿಟ್ಟು ಫ್ರಿಜ್ಜಿನಲ್ಲಿಟ್ಟು ನಾಳೆ ತಟ್ಟುವ ಆಸೆ ಬಿಡಿ. ತಣ್ಣಗಾದರೆ ಜಿಗಿ ಹೋಗಿ ಹಿಟ್ಟು ಮುರಿಯುತ್ತದೆ. ಶಾಲೆ ಬಿಟ್ಟು ಸುಸ್ತಾಗಿ ಬಂದ ದಿನ ಕಡಕ್ ರೊಟ್ಟಿ ತಂದುಕೊಳ್ಳಿ, ಇಲ್ಲಿಯ ಮಂದಿಯೂ ಅದನ್ನೇ ಮಾಡುತ್ತಾರೆ.

ಪ್ರಶ್ನೆ: ಪುಂಡಿ ಪಲ್ಯ ಅಲ್ಯುಮಿನಿಯಂ ಬೋಗುಣಿಯಲ್ಲಿ ಮಾಡಿದರೆ ನಡೆಯುತ್ತದೆಯೇ? ಎಷ್ಟು ದಿನ ಇಡಬಹುದು? (ಚಿತ್ತಾಪುರದ ಓದುಗರು)

ಬೇಡ. ಪುಂಡಿ (ಗೋಂಗುರ) ಸೊಪ್ಪಿನ ಹುಳಿ ಅಲ್ಯುಮಿನಿಯಂ, ಕಲಾಯಿ ಹೋದ ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ. ಜೋಳದ ನುಚ್ಚು, ಬ್ಯಾಳಿ ಹಾಕಿದ ಪಲ್ಯ ಫ್ರಿಜ್ಜಿನಲ್ಲಿ ಮೂರು ದಿನ, ಹೊರಗೆ ಬೇಸಿಗೆಯಲ್ಲಿ ಒಂದೇ ಹೊತ್ತು.

ಪ್ರಶ್ನೆ: ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಫ್ರಿಜ್ ಇಲ್ಲ, ಒಂದೇ ಒಲೆ. ಏಪ್ರಿಲ್ ಬಂದರೆ ಮಧ್ಯಾಹ್ನದ ಅಡಿಗೆ ರಾತ್ರಿಗೆ ಹಳಸುತ್ತದೆ. ಏನು ಮಾಡಿಟ್ಟುಕೊಳ್ಳಬಹುದು?

40 ಡಿಗ್ರಿ ದಾಟುವ ಊರಿನಲ್ಲಿ ನೀರಿನಂಶ ಇರುವ ಯಾವುದನ್ನೂ ಇಡಬೇಡಿ, ಒಣಗಿದ್ದನ್ನು ಮಾತ್ರ ಇಡಿ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಬೇಯಿಸಿದರೂ ಸಾಯದೆ ಉಳಿದು, ಸೆಕೆಯಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಕಾಯಿಸಿದರೆ ಆ ವಿಷ ಹೋಗುವುದಿಲ್ಲ. ಒಂದು ಹೊತ್ತಿಗೆ 75 ಗ್ರಾಂ ಅಕ್ಕಿ ಅಳೆದು ಹಾಕಿ, ಉಳಿಸಬೇಡಿ.

ಕಪಾಟಿನಲ್ಲಿ ಇರಬೇಕಾದದ್ದು ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಉಳ್ಳಾಗಡ್ಡಿ, ಚುರುಮುರಿ, ಪುಠಾಣಿ (ಹುರಿಗಡಲೆ). ಹಿಂಡಿಗೆ ಒಂದು ಲೋಟ ಶೇಂಗಾ ಸಣ್ಣ ಉರಿಯಲ್ಲಿ 12 ನಿಮಿಷ ಹುರಿಯಿರಿ. ಉರಿ ದೊಡ್ಡದಾದರೆ ಸಿಪ್ಪೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ. ಎಂಟು ಎಸಳು ಬೆಳ್ಳುಳ್ಳಿಯನ್ನು ಅದೇ ಬಾಣಲೆಯಲ್ಲಿ ಪಸೆ ಆರುವ ತನಕ ಬಾಡಿಸಿ. ಹಸಿ ಬೆಳ್ಳುಳ್ಳಿ ಹಾಕಿದ ಹಿಂಡಿ ವಾರದೊಳಗೆ ಮುಗ್ಗಲು ವಾಸನೆ ಹೊಡೆಯುತ್ತದೆ. ಎಲ್ಲ ಪೂರಾ ಆರಿದ ಮೇಲೆ ನಾಲ್ಕು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಒಂದು ಚಮಚ ಉಪ್ಪು ಸೇರಿಸಿ ಮಿಕ್ಸರ್ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣ ಚಮಚ ಬಳಸಿದರೆ ಎರಡು ಮೂರು ವಾರ ನಿಶ್ಚಿಂತೆ.

ರಾತ್ರಿ ಬಿಸಿಯಾಗಿ ಏನಾದರೂ ಬೇಕೆನಿಸಿದರೆ ಸುಸಲಾ ಮಾಡಿ. ಚುರುಮುರಿ ನೀರಿನಲ್ಲಿ ಅದ್ದಿ ಇಪ್ಪತ್ತು ಎಣಿಸುವುದರೊಳಗೆ ಹಿಂಡಿ ತೆಗೆಯಬೇಕು, ಮರೆತರೆ ಅಂಬಲಿಯಾಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಎರಡು ಚಮಚ ಪುಠಾಣಿ ಪುಡಿ ಕಲಸಿ.

ಪ್ರಶ್ನೆ: ಭಾಲ್ಕಿ ಕಡೆಯವ್ರು ನಾವು, ಬೀದರನ್ಯಾಗ ಬ್ಯಾಂಕಿನ ಕೆಲಸ. ಈ ಸಲ ಎಳ್ಳ ಅಮಾಸಿಗೆ ಹೊಲಕ್ಕ ಹೋಗ್ಲಿಕ್ಕೆ ರಜಾ ಸಿಗಂಗಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಒಬ್ಬನ ಸಲುವಾಗಿ ಮಾಡ್ಬೇಕಂದ್ರ ಹದಿನೈದು ನಮೂನಿ ಕಾಯಿಪಲ್ಲೆ ತರ್ಬೇಕಲ್ರಿ?

ಹದಿನೈದು ಬೇಡ, ಆದರೆ ಈ ಭಜ್ಜಿಗೆ (ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ, ಕಾಳು, ಸೊಪ್ಪು ಕಡಲೆಹಿಟ್ಟಿನಲ್ಲಿ ಕುದಿಸಿದ್ದು) ಹಸಿ ತೊಗರಿಕಾಳು ಮತ್ತು ಹಸಿ ಕಡಲೆ ಬಿಡುವಂತಿಲ್ಲ. ಆ ಎರಡು ಇಲ್ಲದಿದ್ದರೆ ಅದು ಭಜ್ಜಿಯಲ್ಲ, ಬರೀ ಸೊಪ್ಪಿನ ಪಲ್ಯ. ಇವು ತಲಾ ಒಂದೊಂದು ಹಿಡಿ, ಅವರೆಕಾಳು ಅರ್ಧ ಹಿಡಿ. ಒಂದು ಗಜ್ಜರಿ (ಕ್ಯಾರೆಟ್), ಎರಡು ಸಣ್ಣ ಬದನೆಕಾಯಿ, ಉಳ್ಳಾಗಡ್ಡಿ ತಪ್ಪಲು ನಾಲ್ಕು ಎಳೆ, ಮೆಂತ್ಯ ಅರ್ಧ ಸೂಡು, ಪಾಲಕ ಎಂಟು ಹತ್ತು ಎಲೆ, ನಾಲ್ಕೈದು ಬಾರಿಹಣ್ಣು (ಬೋರೆಹಣ್ಣು). ಸಂತೆಯಲ್ಲಿ ಒಬ್ಬರ ಹತ್ತಿರವೇ ಎಲ್ಲ ತೆಗೆದುಕೊಂಡರೆ ಅರ್ಧ ಸೂಡು ಕೊಡಲು ಯಾರೂ ಬೇಸರ ಮಾಡುವುದಿಲ್ಲ.

ಮೊದಲು ಕಾಳುಗಳನ್ನು ಒಂದೂವರೆ ಲೋಟ ನೀರಿನಲ್ಲಿ ಉಪ್ಪು ಹಾಕಿ 10–12 ನಿಮಿಷ ಬೇಯಿಸಿ. ಗಜ್ಜರಿ, ಬದನೆ ಹಾಕಿ ಮತ್ತೆ ಐದು ನಿಮಿಷ. ಸೊಪ್ಪು, ಬಾರಿಹಣ್ಣು ಕೊನೆಗೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಸೊಪ್ಪು ಕರಗಿ ಹೋಗುತ್ತದೆ, ಕಡಲೆ ಹಲ್ಲಿಗೆ ಸಿಗುತ್ತದೆ. ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ ಕುಟ್ಟಿ ಸೇರಿಸಿ. ಇಷ್ಟು ಸಣ್ಣ ಅಳತೆ ಮಿಕ್ಸರಿನಲ್ಲಿ ಗೋಡೆಗೆ ಹತ್ತಿ ಕೂರುತ್ತದೆ, ಕುಟ್ಟಾಣಿಯೇ ಸರಿ. ಹುಣಸಿ ರಸ ಎರಡು ಚಮಚ, ಅಡಿಕೆಯಷ್ಟು ಬೆಲ್ಲ. ಆರು ಚಮಚ ಕಡಲೆಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ತಿರುವುತ್ತಲೇ ಸುರಿಯಿರಿ. ನೇರ ಉದುರಿಸಿದರೆ ಗಂಟು ಬೀಳುವುದು ಖಚಿತ. ಹಿಟ್ಟು ಬಿದ್ದ ಮೇಲೆ ಸಣ್ಣ ಉರಿಯಲ್ಲಿ ಎಂಟು ನಿಮಿಷ ಕುದಿಯಲೇಬೇಕು, ಇಲ್ಲವಾದರೆ ಹಸಿ ಕಡಲೆಹಿಟ್ಟಿನ ರುಚಿ ಗಂಟಲಿಗೆ ಹತ್ತುತ್ತದೆ. ತಣ್ಣಗಾದಂತೆ ಗಟ್ಟಿಯಾಗುವುದರಿಂದ ತುಸು ತೆಳ್ಳಗಿರುವಾಗಲೇ ಇಳಿಸಿ. ಇದು ಎರಡು ಹೊತ್ತಿಗೆ ಆಗುತ್ತದೆ, ಮರುದಿನದ್ದು ಹೆಚ್ಚು ರುಚಿ.

ಸಜ್ಜೆ ಹಿಟ್ಟು ಕಾಲು ಕಿಲೋಗಿಂತ ಹೆಚ್ಚು ತರಬೇಡಿ. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿದ ವಾರ ಹತ್ತು ದಿನಕ್ಕೆ ಕಹಿ ಶುರುವಾಗುತ್ತದೆ. ಎಸರಿನ ರೀತಿ ಜೋಳದ್ದೇ, ರೊಟ್ಟಿ ಮಾತ್ರ ದಪ್ಪ. ಮೇಲೆ ಎಳ್ಳು ಒತ್ತಿ.

ಅಂಬಲಿಗೆ ಆರು ಚಮಚ ಜೋಳದ ಹಿಟ್ಟು ಅರ್ಧ ಲೋಟ ನೀರಿನಲ್ಲಿ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಹಾಕಿ ಎಂಟು ನಿಮಿಷ ತಿರುವಿ. ಪೂರಾ ಆರಿದ ಮೇಲೆ ಒಂದು ಲೋಟ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಬಿಸಿಯಿದ್ದಾಗ ಮಜ್ಜಿಗೆ ಹಾಕಿದರೆ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತದೆ.

ಪ್ರಶ್ನೆ: ಹುಮನಾಬಾದಿನಲ್ಲಿ ಒಬ್ಬಳೇ ಇದ್ದೇನೆ, ವಯಸ್ಸು ಅರವತ್ತೈದು. ನಾಲ್ಕು ಹೋಳಿಗೆಗಾಗಿ ಹೂರಣ ಕುದಿಸುವುದು ಸಾರ್ಥಕವೇ? ಕಳೆದ ಯುಗಾದಿಗೆ ಹೂರಣ ನೀರಾಗಿ ಹೋಳಿಗೆ ಒರಸಲು (ಲಟ್ಟಿಸಲು) ಬರಲಿಲ್ಲ.

ಸಾರ್ಥಕವೇ ಅಮ್ಮಾ. ಅಳತೆ ಹೀಗಿರಲಿ: 100 ಗ್ರಾಂ ಕಡಲೆಬೇಳೆ, 90 ಗ್ರಾಂ ಬೆಲ್ಲ, ಆರು ಹೋಳಿಗೆ. ಇದಕ್ಕಿಂತ ಕಡಿಮೆ ಮಾಡಿದರೆ ಹೂರಣ ಪಾತ್ರೆಗೇ ಅಂಟಿ ಹೋಗುತ್ತದೆ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಮೂರು ಲೋಟ ನೀರಿನಲ್ಲಿ ಬೇಯಿಸಿ. ಎರಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಪಾತ್ರೆಯಲ್ಲಿ ಮಾತ್ರ ಬೇಳೆಯ ಆಕಾರ ಉಳಿದಿರಬೇಕು. ಕುಕ್ಕರಿನಲ್ಲಿ ಸಣ್ಣ ಅಳತೆ ಬೇಗ ಮಿದುವಾಗಿ ನೀರು ಕುಡಿಯುತ್ತದೆ. ಹೂರಣ ನೀರಾಗಲು ಮೊದಲ ಕಾರಣ ಅದು. ಎರಡನೆಯದು, ಕಟ್ಟು (ಬೇಳೆ ಬೆಂದ ನೀರು) ಪೂರಾ ಬಸಿಯದಿರುವುದು. ಜಾಲರಿಯಲ್ಲಿ ಹತ್ತು ನಿಮಿಷ ಬಿಡಿ. ಬೇಳೆ ಹಸಿಯಿದ್ದಾಗ ಬೆಲ್ಲ ಹಾಕಿದರೂ ಕಷ್ಟ, ಆಮೇಲೆ ಎಷ್ಟು ಕುದಿಸಿದರೂ ಬೇಯುವುದಿಲ್ಲ.

ಬೆಲ್ಲ ಬಿದ್ದೊಡನೆ ತೆಳ್ಳಗಾಗುವುದು ಸಹಜ. ಎಂಟು ಹತ್ತು ನಿಮಿಷ ತಿರುವಿ, ನಡುವೆ ಚುಚ್ಚಿದ ಸೌಟು ಬೀಳದೆ ನಿಂತಾಗ ಇಳಿಸಿ, ಬಿಸಿಯಿರುವಾಗಲೇ ಏಲಕ್ಕಿ, ಒಣಶುಂಠಿ ಹಾಕಿ ರುಬ್ಬಿ. ಅಷ್ಟಾಗಿಯೂ ಮೆತ್ತಗಿದ್ದರೆ ಮತ್ತೆ ಒಲೆಗೆ ಇಡಿ. ಕೊನೆಯ ಉಪಾಯವಾಗಿ ಎರಡು ಚಮಚ ಪುಠಾಣಿ ಪುಡಿ. ಹಸಿ ಹಿಟ್ಟು ಮಾತ್ರ ಬೆರೆಸಬೇಡಿ.

ಕಣಕಕ್ಕೆ 75 ಗ್ರಾಂ ಗೋಧಿಹಿಟ್ಟು, 25 ಗ್ರಾಂ ಮೈದಾ, ಮೂರು ಚಮಚ ಎಣ್ಣೆ. ಹೂರಣಕ್ಕಿಂತ ಮೆತ್ತಗಿರಬೇಕು, ಒಂದು ತಾಸು ನೆನೆಯಬೇಕು. ಹಬ್ಬದ ದಿನ ಎರಡು ಒರಸಿ. ಉಳಿದ ಹೂರಣ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ಬೇಕಾದಾಗ ಬಿಸಿ ಬಿಸಿ ಒಂದೊಂದು. ಬಸಿದ ಕಟ್ಟಿಗೆ ಒಂದು ದೊಡ್ಡ ಚಮಚ ಹೂರಣ, ಹುಣಸಿ, ಮಸಾಲೆ ಖಾರ, ಒಣಕೊಬ್ಬರಿ ಹಾಕಿ ಸಾರು ಮಾಡಿ, ಅದನ್ನು ಮರುದಿನಕ್ಕೆ ದಾಟಿಸಬೇಡಿ. ಹೂರಣ ತಿರುವಿ ರುಬ್ಬಲು ಕೈ ನೋಯುವುದಾದರೆ ಮುಂದಿನ ಹಬ್ಬಕ್ಕೆ ಶೇಂಗಾ ಹೋಳಿಗೆ ಮಾಡಿ. ಒಂದು ಲೋಟ ಹುರಿದ ಶೇಂಗಾ ಪುಡಿ, ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಚಮಚ ಹುರಿದ ಎಳ್ಳು; ಕುದಿಸುವ ಕೆಲಸವಿಲ್ಲ, ಹೋಳಿಗೆ ವಾರದ ತನಕ ಹೊರಗೇ ಇರುತ್ತದೆ.