ಸಿಎಚ್‌ಮಾಡ್ 777 ಕೊಟ್ಟರೂ ಲಿನಕ್ಸ್ ಸರ್ವರ್‌ನಲ್ಲಿ ಎಸ್ಓ ಫೈಲ್ ಲೋಡ್ ಆಗುತ್ತಿಲ್ಲ, ಯಾಕೆ?

ನಿಮ್ಮ ಜಾವಾ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಸರ್ವರ್‌ನಲ್ಲಿ ಮಾತ್ರ ಎಸ್‌ಕ್ಯೂಲೈಟ್ ಡೇಟಾಬೇಸಿನ ಲೈಬ್ರರಿ (ಎಸ್ಓ ಫೈಲ್, ಅಂದರೆ ಲಿನಕ್ಸ್‌ನ ಶೇರ್ಡ್ ಲೈಬ್ರರಿ) ಲೋಡ್ ಮಾಡುವಾಗ ‘ಫೇಲ್ಡ್ ಟು ಮ್ಯಾಪ್ ಸೆಗ್ಮೆಂಟ್... ಆಪರೇಷನ್ ನಾಟ್ ಪರ್ಮಿಟೆಡ್’ ಅಂತ ನಿಂತುಬಿಡುತ್ತದೆ. ಸಿಗ್ವಿನ್‌ನಲ್ಲಿ (ವಿಂಡೋಸ್ ಮೇಲೆ ಲಿನಕ್ಸ್ ಕಮಾಂಡ್‌ಗಳನ್ನು ಕೊಡುವ ಸಾಧನ) ಒಂದು ಡಿಎಲ್‌ಎಲ್, ಅಂದರೆ ವಿಂಡೋಸ್‌ನ ಲೈಬ್ರರಿ ಫೈಲ್, ಹೀಗೇ ಕೈಕೊಟ್ಟಾಗ ಫೈಲಿನ ಹಕ್ಕು ಬದಲಿಸುವ ಸಿಎಚ್‌ಮಾಡ್‌ನಿಂದ ಸರಿಹೋಗಿತ್ತು, ಇಲ್ಲಿ 777 (ಎಲ್ಲರಿಗೂ ಓದುವ, ಬರೆಯುವ, ಓಡಿಸುವ ಹಕ್ಕು) ಕೊಟ್ಟರೂ ಜಗ್ಗುತ್ತಿಲ್ಲ ಅಂದಿದ್ದೀರಿ.

ದಯವಿಟ್ಟು ಮೊದಲು ಆ 777 ತೆಗೆಯಿರಿ. ಸರ್ವರ್‌ನಲ್ಲಿ ಲಾಗಿನ್ ಇರುವ ಯಾರು ಬೇಕಾದರೂ ಆ ಫೈಲಿಗೆ ತಮ್ಮ ಕೋಡ್ ತುಂಬಬಹುದು, ನಿಮ್ಮ ಪ್ರೋಗ್ರಾಂ ಅದನ್ನೇ ನಂಬಿ ಓಡಿಸುತ್ತದೆ.

ಇದೇ ತೊಂದರೆಯಲ್ಲಿ ನನ್ನದೂ ಅರ್ಧ ದಿನ ಹೋಗಿದೆ. ಕೊನೆಗೆ ಪ್ರೋಗ್ರಾಂ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಏನೇನು ಕೇಳುತ್ತದೆ ಅಂತ ತೋರಿಸುವ ಎಸ್‌ಟ್ರೇಸ್ ಹಾಕಿ ಒಂದೊಂದೇ ಸಾಲು ನೋಡಿದೆ. ಫೈಲ್ ಓಪನ್ ಆಗಿತ್ತು. ಮೊದಲ 832 ಬೈಟ್ ಓದಿಯೂ ಆಗಿತ್ತು. ಆಮೇಲೆ ಫೈಲನ್ನು ಮೆಮೊರಿಗೆ ಜೋಡಿಸುವ ಎಂಮ್ಯಾಪ್, ಅದರಲ್ಲಿ ಎಕ್ಸಿಕ್ಯೂಟ್ (ಓಡಿಸುವ) ಹಕ್ಕು ಕೇಳಿದ ಕಡೆಯೇ ‘ಇಪರ್ಮ್’, ಅಂದರೆ ಅದೇ ‘ಆಪರೇಷನ್ ನಾಟ್ ಪರ್ಮಿಟೆಡ್’. ಓದಲು ಬಿಟ್ಟ ಕರ್ನಲ್ ಓಡಿಸಲು ಬಿಡುತ್ತಿಲ್ಲ. ಯಾವ ಪಾರ್ಟಿಷನ್ ಯಾವ ನಿಯಮದಲ್ಲಿ ಜೋಡಣೆಯಾಗಿದೆ ಅಂತ ತೋರಿಸುವ ಮೌಂಟ್ ಕಮಾಂಡ್ ಕೊಟ್ಟು ನೋಡಿದರೆ ಟಿಎಂಪಿ (ತಾತ್ಕಾಲಿಕ ಫೈಲುಗಳ ಡೈರೆಕ್ಟರಿ) ಸಾಲಿನಲ್ಲಿ ‘ನೋಎಕ್ಸೆಕ್’, ಅಂದರೆ ಇಲ್ಲಿಂದ ಏನನ್ನೂ ಓಡಿಸಬಾರದು ಎಂಬ ನಿಯಮ, ಕೂತಿತ್ತು. ತಕರಾರು ಫೈಲಿನದಲ್ಲ, ಅದು ಇರುವ ಜಾಗದ್ದು. ಎಸ್‌ಕ್ಯೂಲೈಟ್‌ನ ಜಾವಾ ಡ್ರೈವರ್ ತನ್ನ ಎಸ್ಓ ಫೈಲನ್ನು ಜಾರ್‌ನಿಂದ (ಜಾವಾದ ಪ್ಯಾಕೇಜ್ ಫೈಲ್) ಬಿಚ್ಚಿ ಟಿಎಂಪಿಯಲ್ಲೇ ಇಡುತ್ತದೆ.

ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಗೆ ಎಕ್ಸ್ ಬಿಟ್ (ಸಿಎಚ್‌ಮಾಡ್ ಕೊಡುವ ಓಡಿಸುವ ಹಕ್ಕು) ಬೇಕೇ ಇಲ್ಲ. ಡೆಬಿಯನ್‌ನಲ್ಲಿ ಲೈಬ್ರರಿಗಳನ್ನು 644ರಲ್ಲೇ (ಓಡಿಸುವ ಹಕ್ಕು ಯಾರಿಗೂ ಇಲ್ಲ, ಓದುವ ಹಕ್ಕು ಎಲ್ಲರಿಗೂ) ಇಡುತ್ತಾರೆ, ಓದಲು ಬಂದರೆ ಲೋಡರ್‌ಗೆ ಸಾಕು. ವಿಂಡೋಸ್ ಹಾಗಲ್ಲ. ಡಿಎಲ್‌ಎಲ್ ಮ್ಯಾಪ್ ಮಾಡುವಾಗ ಆ ಫೈಲಿನ ಎಸಿಎಲ್‌ನಲ್ಲಿ (ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ) ಎಕ್ಸಿಕ್ಯೂಟ್ ಹಕ್ಕು ಇದೆಯಾ ಅಂತ ಅದು ನೋಡುತ್ತದೆ. ಸಿಗ್ವಿನ್‌ನ ಸಿಎಚ್‌ಮಾಡ್ ತಿದ್ದುವುದು ಅದೇ ಎಸಿಎಲ್ಲನ್ನು, ಅದಕ್ಕೇ ಅಲ್ಲಿ ನಿಮ್ಮ ಮದ್ದು ನಾಟಿತು.

ಟಿಎಂಪಿಯ ನೋಎಕ್ಸೆಕ್ ತೆಗೆಸಲು ಹೋಗಬೇಡಿ. ಯಾರೋ ಅಪ್‌ಲೋಡ್ ಮಾಡಿದ ಫೈಲ್ ಅಲ್ಲಿಂದಲೇ ಓಡಬಾರದು ಅಂತ ಬೇಕೆಂದೇ ಹಾಕಿರುತ್ತಾರೆ. ನೋಎಕ್ಸೆಕ್ ಇಲ್ಲದ ಪಾರ್ಟಿಷನ್‌ನಲ್ಲಿ ನಿಮ್ಮ ಸರ್ವೀಸ್ ಯೂಸರ್ ಹೆಸರಿನಲ್ಲಿ ಒಂದು ಡೈರೆಕ್ಟರಿ ಮಾಡಿ, 700 (ಆ ಯೂಸರ್‌ಗೆ ಮಾತ್ರ ಹಕ್ಕು) ಕೊಡಿ. ಜಾವಾ ಶುರುಮಾಡುವ ಸಾಲಿನಲ್ಲಿ ‘ಜಾವಾ.ಐಓ.ಟಿಎಂಪಿಡಿಐಆರ್’ ಪ್ರಾಪರ್ಟಿಗೆ ಅದರ ಪಾತ್ ಹಾಕಿ. ನನಗೆ ಇಷ್ಟಕ್ಕೇ ಸರಿಹೋಯಿತು.

ಇನ್ನೊಂದು ಮಾತು, ‘ಪರ್ಮಿಷನ್ ಡಿನೈಡ್’ ಬೇರೆ, ‘ಆಪರೇಷನ್ ನಾಟ್ ಪರ್ಮಿಟೆಡ್’ ಬೇರೆ. ಮೊದಲನೆಯದು ಬಂದರೆ ಫೈಲಿನ, ಡೈರೆಕ್ಟರಿಯ ಹಕ್ಕು, ಎಸ್ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ನಿಯಮಗಳು) ನೋಡಿ. ಎರಡನೆಯದಾದರೆ ಮೌಂಟ್‌ನಿಂದ ಶುರುಮಾಡಿ. ಅಲ್ಲಿ ನೋಎಕ್ಸೆಕ್ ಕಾಣದಿದ್ದರೆ ಮೌಂಟ್‌ನ ಆ ಸಾಲು ಮತ್ತು ಎಸ್‌ಟ್ರೇಸ್‌ನ ಕೊನೆಯ ಹತ್ತು ಸಾಲು ಇಲ್ಲೇ ಹಾಕಿ, ನೋಡೋಣ.