ಬಿಟ್ಟುಹೋದವರ ಮನೆ ಬಾಗಿಲು

ಪಕ್ಷವೊಂದರ ಹಳೆಯ ಕಾರ್ಯಕರ್ತರೊಬ್ಬರು ಬರೆದಿದ್ದಾರೆ: ‘ಕಳೆದ ಚುನಾವಣೆಯಲ್ಲಿ ನಮಗೆ ಬಿದ್ದ ಮತವೇನೂ ಅಷ್ಟಾಗಿ ಕಡಿಮೆಯಾಗಲಿಲ್ಲ. ಆದರೂ ಸದನದಲ್ಲಿ ಬಹುಮತ ಹೋಯಿತು. ನಾಯಕರನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತದೆ ಒಂದು ಗುಂಪು. ಸಿದ್ಧಾಂತ ಸಡಿಲವಾದದ್ದೇ ಮುಳುವಾಯಿತು ಎನ್ನುತ್ತದೆ ಇನ್ನೊಂದು. ಬಹುಮತ ಮರಳಿ ಪಡೆಯುವುದು ಹೇಗೆ? ಎಷ್ಟು ವರ್ಷ ಕಾಯಬೇಕು?’

ಸಂಪಾದಕರ ಉತ್ತರ:

ನಿಮ್ಮ ಪಕ್ಷದ ಹೆಸರನ್ನು ನಾನೇ ತೆಗೆದುಹಾಕಿದ್ದೇನೆ, ಬೇಸರ ಬೇಡ. ಇಲ್ಲಿನ ಪಕ್ಷಗಳ ಹೆಸರೆತ್ತಿದರೆ ಮುಂದಿನ ಸಂಚಿಕೆಯ ತುಂಬ ಬೈಗುಳವೇ ಅಚ್ಚಾಗಬೇಕಾದೀತು. ದೂರದ ದೇಶಗಳ ಲೆಕ್ಕ ನೋಡೋಣ. ಅಲ್ಲಿ ಯಾರು ಸೋತರೂ ನಮ್ಮ ರಕ್ತದೊತ್ತಡ ಏರುವುದಿಲ್ಲ.

ಮತ ಉಳಿದು ಬಹುಮತ ಹೋದದ್ದು ನಿಮಗೆ ಸೋಜಿಗ. ಕ್ಷೇತ್ರಕ್ಕೊಬ್ಬರು ಗೆಲ್ಲುವ ಪದ್ಧತಿಯಲ್ಲಿ ಇದು ಮಾಮೂಲು. ಬ್ರಿಟನ್ನಿನ ಲೇಬರ್ ಪಕ್ಷಕ್ಕೆ 2017ರಲ್ಲಿ ಶೇ 40ರಷ್ಟು ಮತ ಬಿತ್ತು, ಸಿಕ್ಕ ಸ್ಥಾನ 262, ಕೂತದ್ದು ವಿರೋಧ ಪಕ್ಷದ ಸಾಲಿನಲ್ಲಿ. 2024ರಲ್ಲಿ ಅದೇ ಪಕ್ಷಕ್ಕೆ ಬಿದ್ದದ್ದು ಶೇ 34ಕ್ಕೂ ಕಡಿಮೆ, ಸಿಕ್ಕಿದ್ದು 650ರಲ್ಲಿ 411! ಎದುರಾಳಿ ಕನ್ಸರ್ವೇಟಿವ್ ಪಕ್ಷದ ಮತ ರಿಫಾರ್ಮ್ ಎಂಬ ಇನ್ನೊಂದು ಬಲಪಂಥೀಯ ಪಕ್ಷದ ಕಡೆಗೆ ಸೋರಿಹೋದದ್ದು ಒಂದು ಕಾರಣ. ಭದ್ರ ಕ್ಷೇತ್ರಗಳಲ್ಲಿ ಗೆಲುವಿನ ಅಂತರ ತಗ್ಗಿದರೆ ತಗ್ಗಲಿ ಎಂದು ಲೇಬರ್ ಪಕ್ಷ ಕೈತಪ್ಪಿದ್ದ ಕ್ಷೇತ್ರಗಳಲ್ಲಿ ಬೆವರು ಸುರಿಸಿದ್ದು ಇನ್ನೊಂದು. ಕೆನಡಾದ ಕತೆ ಇನ್ನೂ ಕ್ರೂರ. 1993ರಲ್ಲಿ ಅಲ್ಲಿನ ಆಡಳಿತ ಪಕ್ಷವಾಗಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ಸ್‌ಗೆ ಶೇ 16ರಷ್ಟು ಮತ ಬಂತು, ಆದರೆ ಅದು ದೇಶದ ತುಂಬ ತೆಳ್ಳಗೆ ಹರಡಿತ್ತು. 295ರಲ್ಲಿ ಉಳಿದದ್ದು ಎರಡೇ ಸ್ಥಾನ. ಅದಕ್ಕಿಂತ ಕಡಿಮೆ ಮತ ಪಡೆದ ಬ್ಲಾಕ್ ಕೆಬೆಕ್ವಾ ಒಂದೇ ಪ್ರಾಂತ್ಯದಲ್ಲಿ ಗಟ್ಟಿಯಾಗಿದ್ದುದರಿಂದ 54 ಗೆದ್ದಿತು.

ಹಾಗಾಗಿ ಆತ್ಮಾವಲೋಕನ ಸಭೆಯ ಭಾಷಣಗಳು ಮುಗಿದ ಮೇಲೆ ಫಲಿತಾಂಶದ ಪಟ್ಟಿ ಬಿಚ್ಚಿ. ಅಲ್ಪ ಅಂತರದಲ್ಲಿ ಸೋತ ಕ್ಷೇತ್ರಗಳು ಯಾವುವು? ಅಲ್ಲಿ ಬೂತ್‌ವಾರು ಮತ ಎಲ್ಲಿ ಕರಗಿತು? ನಿಮ್ಮವರೇ ಬಂಡಾಯವೆದ್ದು ನಿಂತದ್ದೆಲ್ಲಿ? ಬಹುಮತಕ್ಕೆ ಎಷ್ಟು ಸ್ಥಾನ ಕಡಿಮೆಯೋ ಅದಕ್ಕಿಂತ ಸ್ವಲ್ಪ ಹೆಚ್ಚು ಕ್ಷೇತ್ರ ಆರಿಸಿಕೊಂಡು, ಅಲ್ಲಿನ ಅಭ್ಯರ್ಥಿಯನ್ನು ಈಗಲೇ ಗೊತ್ತುಮಾಡಿ. ನಾಮಪತ್ರದ ಕೊನೆಯ ದಿನ ಬಿ ಫಾರಂ ಹಿಡಿದು ಓಡಿಬಂದವನನ್ನು ಮತದಾರ ನಂಬುವುದು ಕಷ್ಟ. ಭದ್ರ ಕ್ಷೇತ್ರದಲ್ಲಿ ಅಂತರ ಹಿಗ್ಗಿಸುವ ಮೆರವಣಿಗೆ ಕಣ್ಣಿಗೆ ಹಬ್ಬ, ಸದನದ ಲೆಕ್ಕಕ್ಕೆ ಸೊನ್ನೆ.

ಇನ್ನು ನಾಯಕರೋ, ಸಿದ್ಧಾಂತವೋ ಎಂಬ ಜಗಳ. ಲೇಬರ್ ಪಕ್ಷ 1979ರಿಂದ 1992ರವರೆಗೆ ಸತತ ನಾಲ್ಕು ಚುನಾವಣೆ ಸೋತಿತ್ತು. 1983ರಲ್ಲಂತೂ 209ಕ್ಕೆ ಇಳಿಯಿತು. ಆಮೇಲೆ ನಾಯಕನಾದ ನೀಲ್ ಕಿನಕ್ ಒಂಬತ್ತು ವರ್ಷ ಪಕ್ಷವನ್ನು ತಿದ್ದಿದರು. ಬ್ರಿಟನ್ ತಾನೊಂದೇ ಅಣ್ವಸ್ತ್ರ ತ್ಯಜಿಸಬೇಕೆಂಬ ನಿಲುವು, ಜನ ಒಪ್ಪದ ನಿಲುವು, ಅವರ ಕಾಲದಲ್ಲೇ ಹೋಯಿತು. ಆದರೂ ಗೆಲುವು ಅವರಿಗೆ ಸಿಗಲಿಲ್ಲ. 1992ರ ಸೆಪ್ಟೆಂಬರ್‌ನಲ್ಲಿ ಪೌಂಡ್ ಕುಸಿದು, ಆರ್ಥಿಕತೆ ನಡೆಸಲು ತಾವೇ ಸಮರ್ಥರು ಎಂಬ ಕನ್ಸರ್ವೇಟಿವ್‌ಗಳ ಹೆಸರು ಮಣ್ಣುಪಾಲಾಯಿತು. 1994ರಲ್ಲಿ ಟೋನಿ ಬ್ಲೇರ್ ಬಂದು, ಉತ್ಪಾದನಾ ಸಾಧನಗಳೆಲ್ಲ ಸಾರ್ವಜನಿಕ ಒಡೆತನಕ್ಕೆ ಸೇರಬೇಕೆಂಬ ಹಳೆಯ ಕಲಮನ್ನು ಮರುವರ್ಷ ಪಕ್ಷದ ಸಂವಿಧಾನದಿಂದ ತೆಗೆಸಿದರು. 1997ರಲ್ಲಿ 418 ಸ್ಥಾನ. ಕೀರ್ತಿ ಬ್ಲೇರ್‌ಗೆ ಹೋಯಿತು. ನನ್ನನ್ನು ಕೇಳಿದರೆ ಅರ್ಧ ಪಾಲು ಕಿನಕ್‌ಗೆ ಸಲ್ಲಬೇಕು. ಎದುರಾಳಿ ಎಡವುವ ದಿನ ನಿಮ್ಮ ಕೈಲಿಲ್ಲ. ಆ ದಿನ ಬಂದಾಗ ಜನ ನಿಮ್ಮ ಕಡೆ ತಿರುಗಿ ನೋಡುವಂತಿರಬೇಕು, ಅಷ್ಟೆ.

ಅಮೆರಿಕದಲ್ಲಿ 2018ರಲ್ಲಿ ಡೆಮಾಕ್ರಟಿಕ್ ಪಕ್ಷ ಕೆಳಮನೆಯಲ್ಲಿ ಸುಮಾರು 40 ಸ್ಥಾನ ಹೆಚ್ಚಿಸಿಕೊಂಡು ಬಹುಮತ ಪಡೆಯಿತು. ಅಧ್ಯಕ್ಷರ ಅವಧಿಯ ನಡುವೆ ಬರುವ ಇಂಥ ಮಧ್ಯಾವಧಿ ಚುನಾವಣೆಯಲ್ಲಿ ಅವರ ಪಕ್ಷ ಸ್ಥಾನ ಕಳೆದುಕೊಳ್ಳುವುದು ಅಲ್ಲಿ ವಾಡಿಕೆ, ಅದು ನಿಜ. ಆದರೆ ಡೆಮಾಕ್ರಟಿಕ್ ಪಕ್ಷದ ಹಲವು ಅಭ್ಯರ್ಥಿಗಳು ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಅವರನ್ನು ಬೈಯುವುದಕ್ಕಿಂತ ಹೆಚ್ಚಾಗಿ ಆರೋಗ್ಯ ವಿಮೆಯ ಮಾತಾಡಿದರು. ಈಗಾಗಲೇ ಕಾಯಿಲೆ ಇರುವವರಿಗೆ ಕಾನೂನಿನಲ್ಲಿದ್ದ ರಕ್ಷಣೆ ಹೋಗಿಬಿಡುತ್ತದೆಂಬ ಅಂಜಿಕೆ ಮನೆಮನೆಯಲ್ಲೂ ಇತ್ತು. ಅಧ್ಯಕ್ಷರ ಮೇಲಿನ ಸಿಟ್ಟು ಮೊದಲೇ ತಮ್ಮ ಜೊತೆಗಿದ್ದವರಲ್ಲಿತ್ತು. ವಿಮೆಯ ಚಿಂತೆ ಆಚೆ ಪಕ್ಷಕ್ಕೆ ಮತ ಹಾಕಿದವರಲ್ಲೂ ಇತ್ತು.

ಎಷ್ಟು ವರ್ಷ? ಲೆಕ್ಕವಿಲ್ಲ. ಕೆನಡಾದ ಲಿಬರಲ್ ಪಕ್ಷ 2011ರಲ್ಲಿ 34 ಸ್ಥಾನದೊಂದಿಗೆ ಮೂರನೆಯ ಜಾಗಕ್ಕೆ ಜಾರಿ, ನಾಲ್ಕೇ ವರ್ಷದಲ್ಲಿ 184 ಗೆದ್ದು ಬಹುಮತ ಪಡೆಯಿತು. ಅದೇ ದೇಶದ ಬಲಪಂಥೀಯರು 1993ರ ಪೆಟ್ಟಿನ ನಂತರ ಹತ್ತು ವರ್ಷ ತಮ್ಮತಮ್ಮಲ್ಲೇ ಕಾದಾಡಿ, 2003ರಲ್ಲಿ ಒಂದಾಗಿ, ಬಹುಮತದ ಮುಖ ಕಂಡದ್ದು 2011ರಲ್ಲಿ. ಅಮೆರಿಕದ ಕೆಳಮನೆಯಲ್ಲಿ ರಿಪಬ್ಲಿಕನ್ನರು ಕಾದದ್ದು 40 ವರ್ಷ.

ನಿಮ್ಮ ಪತ್ರದ ಕೊನೆಯಲ್ಲಿ ಸೋಲಿಗೆ ಹೊಣೆಯಾದ ಐವರ ಪಟ್ಟಿ ಕೊಟ್ಟಿದ್ದೀರಿ. ಅದನ್ನೂ ಪ್ರಕಟಿಸಿಲ್ಲ. ಐವರೂ ನಿಮ್ಮ ಪಕ್ಷದವರೇ. ಹಿಂದಿನ ಸಲ ನಿಮಗೆ ಮತ ಹಾಕಿ ಈ ಸಲ ಹಾಕದೇ ಹೋದವರಲ್ಲಿ ಒಬ್ಬರನ್ನಾದರೂ ಮಾತಾಡಿಸಿದ್ದೀರಾ ಎಂದು ಪತ್ರವನ್ನು ಎರಡು ಸಲ ಓದಿ ಹುಡುಕಿದೆ. ಮಾತಾಡಿಸಿದ್ದರೆ ಅವರು ಹೇಳಿದ್ದನ್ನು ಬರೆದು ಕಳಿಸಿ, ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.